ಒಬ್ಬ ಗೂಢಚಾರ, ಅವನನ್ನು ಹಿಡಿದುಕೊಟ್ಟ ಇನ್ನೊಬ್ಬ: ಟೋಲ್ಕಚೇವ್ ಪ್ರಕರಣ

1938ರಲ್ಲಿ ಸ್ಟಾಲಿನ್ ಸರ್ಕಾರ ಸೋಫಿಯಾ ಬಾಮ್‌ದಾಸ್ ಎಂಬ ಹೆಂಗಸನ್ನು ಕೊಂದಿತು. ಡೆನ್ಮಾರ್ಕ್‌ನಲ್ಲಿ ವ್ಯಾಪಾರ ಮಾಡಿಕೊಂಡಿದ್ದ ತಂದೆಯನ್ನು ಆಕೆ ಹೋಗಿ ನೋಡಿಕೊಂಡು ಬಂದಿದ್ದಳು. ಆ ಕಾಲದಲ್ಲಿ ಅಷ್ಟು ಸಾಕಿತ್ತು. ಹೆಂಡತಿಯ ವಿರುದ್ಧ ಹೇಳಿಕೆ ಕೊಡು ಎಂದಾಗ ಗಂಡ ಇವಾನ್ ಕುಜ್ಮಿನ್ ಒಪ್ಪಲಿಲ್ಲ. ಅವನನ್ನೂ ಹಿಡಿದು ಶ್ರಮ ಶಿಬಿರಕ್ಕೆ ಕಳಿಸಿದರು. ಪುಟ್ಟ ಮಗಳು ನತಾಲಿಯಾ ಅನಾಥಾಲಯದಲ್ಲಿ ಬೆಳೆದಳು. ಸ್ಟಾಲಿನ್ ಸತ್ತ ಮೇಲೆ, ಐವತ್ತರ ದಶಕದ ನಡುವೆ, ಅಪ್ಪ ವಾಪಸ್ ಬಂದ. ಆದರೆ ಜಾಸ್ತಿ ದಿನ ಬದುಕಲಿಲ್ಲ.

ಈ ನತಾಲಿಯಾ ಓದಿ ಎಂಜಿನಿಯರ್ ಆದಳು. ಸೋವಿಯತ್ ಯುದ್ಧವಿಮಾನಗಳಿಗೆ ರೇಡಾರ್ ಮಾಡುವ, ಮುಂದೆ ಫಜೋಟ್ರಾನ್ ಎಂದು ಹೆಸರಾದ, ಮಾಸ್ಕೋದ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿದಳು. ಅಲ್ಲೇ ಕೆಲಸ ಮಾಡುತ್ತಿದ್ದ ಅಡಾಲ್ಫ್ ಟೋಲ್ಕಚೇವ್‌ನನ್ನು 1957ರಲ್ಲಿ ಮದುವೆಯಾದಳು. ತಾಯಿಯನ್ನು ಕೊಂದು, ತಂದೆಯನ್ನು ಜೈಲಿಗೆ ಹಾಕಿದ ಸರ್ಕಾರವೇ ಮಗಳಿಗೂ ಅಳಿಯನಿಗೂ ತನ್ನ ಅತಿ ಗುಟ್ಟಿನ ಕಾಗದಗಳನ್ನು ನಂಬಿ ಕೊಟ್ಟಿತು. ಅಳಿಯ ಅವನ್ನು ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಗೆ ಕೊಟ್ಟ. ಈ ಪ್ರಕರಣದಲ್ಲಿ ನನ್ನನ್ನು ಬಹಳ ಕಾಡಿದ್ದು ಇದು. ಯಾಕೆಂದರೆ ಇದೇ ಥರದ ತಪ್ಪು ಇದೇ ಕಥೆಯಲ್ಲಿ ಇನ್ನೊಂದು ಕಡೆಯೂ ಆಗುತ್ತದೆ. ಅದೂ ಎದುರಾಳಿ ದೇಶದಲ್ಲಿ, ಸಿಐಎ ಕಚೇರಿಯಲ್ಲಿ.

ಬಾಗಿಲು ತಟ್ಟಿದವನು

ಟೋಲ್ಕಚೇವ್ ಹುಟ್ಟಿದ್ದು 1927ರಲ್ಲಿ, ಈಗಿನ ಕಜಕಸ್ತಾನದ ಅಕ್ತೋಬೆಯಲ್ಲಿ. ಮಾಸ್ಕೋದಲ್ಲಿ ಬೆಳೆದ. ಖಾರ್ಕೊವ್‌ನಲ್ಲಿ ಓದಿದ. ಸಂಸಾರದ ಮನೆ ಇದ್ದದ್ದು ಸ್ಟಾಲಿನ್ ಕಾಲದ ಒಂದು ದೊಡ್ಡ ಕಟ್ಟಡದ ಒಂಬತ್ತನೇ ಮಹಡಿಯಲ್ಲಿ. ಅಲ್ಲಿಂದ ಅಮೆರಿಕದ ರಾಯಭಾರ ಕಚೇರಿಗೆ ನಡೆದೇ ಹೋಗಬಹುದಿತ್ತು. ದಿನಾ ಕಣ್ಣಿಗೆ ಬೀಳುವಷ್ಟು ಹತ್ತಿರ.

1977ರ ಜನವರಿಯ ಒಂದು ಸಂಜೆ, ವಿದೇಶಿ ರಾಜತಾಂತ್ರಿಕರು ಬರುವ ಪೆಟ್ರೋಲ್ ಬಂಕ್ ಒಂದರಲ್ಲಿ, ಅವನು ಅಮೆರಿಕದ ನಂಬರ್ ಪ್ಲೇಟ್ ಇದ್ದ ಕಾರಿನ ಬಳಿ ಬಂದ. ನೀವು ಅಮೆರಿಕದವರಾ ಎಂದು ಕೇಳಿದ. ಮಡಚಿದ ಕಾಗದವೊಂದನ್ನು ಒಳಗೆ ಹಾಕಿ ಹೊರಟುಹೋದ. ಕಾರಿನಲ್ಲಿದ್ದವನು ಮಾಸ್ಕೋದ ಸಿಐಎ ಮುಖ್ಯಸ್ಥ ರಾಬರ್ಟ್ ಫುಲ್ಟನ್. ಅದು ಟೋಲ್ಕಚೇವ್‌ಗೆ ಗೊತ್ತಿರಲಿಲ್ಲ.

ಸಿಐಎ ಉತ್ತರ ಕೊಡಲಿಲ್ಲ. ಸೋವಿಯತ್ ಗುಪ್ತಚರ ಸಂಸ್ಥೆ ಕೆಜಿಬಿ ತಾನೇ ಇಂಥ ಆಸಾಮಿಗಳನ್ನು ಕಳಿಸಿ ಅಮೆರಿಕದವರನ್ನು ಬಲೆಗೆ ಬೀಳಿಸುತ್ತಿತ್ತು. ಹಾಗಾಗಿ ಭಯ. ಅವನು ಮತ್ತೆ ಬಂದ. ಮತ್ತೂ ಬಂದ. ಆ ವರ್ಷ ಸಿಐಎಗೆ ಮಾಸ್ಕೋದಲ್ಲಿ ಏನೂ ಸರಿ ಇರಲಿಲ್ಲ. ಒಳ್ಳೆಯ ಮಾಹಿತಿದಾರರು ಸಿಕ್ಕಿಬಿದ್ದಿದ್ದರು. ಜುಲೈನಲ್ಲಿ ಮಾರ್ಥಾ ಪೀಟರ್ಸನ್ ಎಂಬ ಅಧಿಕಾರಿಯನ್ನೇ ಕೆಜಿಬಿ ಹಿಡಿದಿತ್ತು. ಆಗಸ್ಟ್‌ನಲ್ಲಿ ರಾಯಭಾರ ಕಚೇರಿಗೆ ಬೆಂಕಿ ಬಿತ್ತು. ಸಿಐಎ ನಿರ್ದೇಶಕ ಸ್ಟ್ಯಾನ್ಸ್‌ಫೀಲ್ಡ್ ಟರ್ನರ್ ಮಾಸ್ಕೋದ ಕೆಲಸವನ್ನೆಲ್ಲ ನಿಲ್ಲಿಸಿ ಎಂದುಬಿಟ್ಟ.

ಒಂದು ವರ್ಷಕ್ಕೂ ಮಿಕ್ಕಿ ಹೀಗೆ ನಡೆಯಿತು. ಪ್ರತಿ ಸಲವೂ ಪ್ರಾಣವನ್ನು ಕೈಯಲ್ಲಿ ಹಿಡಿದೇ ಬರಬೇಕಿತ್ತು. ದುಡ್ಡಿನ ಆಸೆಯಿಂದ ಬಂದವನು ಎರಡು ಸಲ ನೋಡಿ ಸುಮ್ಮನಾಗುತ್ತಿದ್ದ ಅನ್ನಿಸುತ್ತದೆ. ಇವನು ಬಿಡಲಿಲ್ಲ. ಫುಲ್ಟನ್ ಹೋಗಿ ಗಸ್ ಹ್ಯಾಥವೇ ಬಂದಿದ್ದ. ಒಂದು ಚೀಟಿಯಲ್ಲಿ ಟೋಲ್ಕಚೇವ್ ತನ್ನ ಫೋನ್ ನಂಬರ್ ಬರೆದ, ಎರಡು ಅಂಕಿ ಮಾತ್ರ ಬಿಟ್ಟ. ಇಂಥ ಹೊತ್ತಿಗೆ ಇಂಥ ಬಸ್ ಸ್ಟಾಪಿನಲ್ಲಿ ನಿಂತಿರುತ್ತೇನೆ, ಕೈಯಲ್ಲಿರುವ ಪ್ಲೈವುಡ್ ತುಂಡುಗಳ ಮೇಲೆ ಆ ಎರಡು ಅಂಕಿ ಇರುತ್ತವೆ ಎಂದ. ಸಿಐಎ ಅಧಿಕಾರಿಯೊಬ್ಬನ ಹೆಂಡತಿ ಕಾರಿನಲ್ಲಿ ಆ ದಾರಿಯಾಗಿ ಹೋಗಿ ಅಂಕಿ ನೋಡಿಕೊಂಡು ಬಂದಳು. ಚೀಟಿ ಬೇರೆಯವರ ಕೈಗೆ ಸಿಕ್ಕಿದರೂ ತನ್ನ ಗುರುತು ಸಿಗಬಾರದು ಎಂಬ ಮುಂದಾಲೋಚನೆ ಅದು. ಯಾರೂ ಕಲಿಸಿದ್ದಲ್ಲ.

ರಷ್ಯನ್ ಭಾಷೆ ಚೆನ್ನಾಗಿ ಬರುತ್ತಿದ್ದ ಜಾನ್ ಗಿಲ್ಶರ್ ಎಂಬ ಅಧಿಕಾರಿ 1978ರ ಮಾರ್ಚ್‌ನಲ್ಲಿ ಅವನಿಗೆ ಫೋನ್ ಮಾಡಿದ. ಆಗಸ್ಟ್‌ನಲ್ಲಿ ಮನೆಯ ಹತ್ತಿರದ ಫೋನ್ ಬೂತ್ ಹಿಂದೆ, ಕಟ್ಟಡ ಕೆಲಸದವರು ಹಾಕುವ ಕೊಳಕು ಕೈಗವಸಿನೊಳಗೆ, ಮೊದಲ ಪೊಟ್ಟಣ ಇಟ್ಟರು. ಮುಖತಃ ಭೇಟಿಯಾಗಿದ್ದು 1979ರ ಜನವರಿ 1ರಂದು. ಹೊಸ ವರ್ಷದ ದಿನ ಕೆಜಿಬಿಯವರ ಕಾವಲು ಸಡಿಲ ಇರುತ್ತದೆ ಎಂದು ಆ ದಿನವನ್ನೇ ಆರಿಸಿದ್ದರು. ಟೋಲ್ಕಚೇವ್ 91 ಪುಟ ಕೈಬರಹದ ಟಿಪ್ಪಣಿ ತಂದುಕೊಟ್ಟ.

ಕೊಟ್ಟದ್ದು ಏನು

ಯುದ್ಧವಿಮಾನದ ರೇಡಾರ್ ಮೇಲಕ್ಕೆ ನೋಡುವಾಗ ಹಿನ್ನೆಲೆಯಲ್ಲಿ ಖಾಲಿ ಆಕಾಶ. ಎದುರಿನ ವಿಮಾನ ಸುಲಭವಾಗಿ ಕಾಣುತ್ತದೆ. ಕೆಳಕ್ಕೆ ನೋಡಿದಾಗ ಹಾಗಲ್ಲ. ನೆಲ, ಗುಡ್ಡ, ಕಾಡು, ಕಟ್ಟಡ ಎಲ್ಲದರಿಂದಲೂ ಅಲೆ ವಾಪಸ್ ಬರುತ್ತದೆ. ಅದರ ನಡುವೆ ನೆಲಕ್ಕೆ ಹತ್ತಿರ ಹಾರುವ ವಿಮಾನವನ್ನು ಹುಡುಕುವುದು ಸಂತೆಯ ಗದ್ದಲದಲ್ಲಿ ಒಬ್ಬರ ದನಿ ಹಿಡಿದ ಹಾಗೆ.

ಅಮೆರಿಕದ ಯುದ್ಧ ಯೋಜನೆ ನಿಂತಿದ್ದದ್ದು ಈ ದೌರ್ಬಲ್ಯದ ಮೇಲೆ. ಬಾಂಬರ್‌ಗಳೂ ಕ್ರೂಸ್ ಕ್ಷಿಪಣಿಗಳೂ ಕೆಳಮಟ್ಟದಲ್ಲಿ ಹಾರಿ ಸೋವಿಯತ್ ಗಡಿ ದಾಟಬೇಕಿತ್ತು. ಸೋವಿಯತ್ತರು ಮೇಲಿಂದ ಕೆಳಕ್ಕೆ ನೋಡಿ ಹೊಡೆಯಬಲ್ಲ ರೇಡಾರ್ ಮಾಡಿದರೆ ಆ ಯೋಜನೆ ಕುಸಿಯುತ್ತಿತ್ತು. ಎಷ್ಟು ದೂರ ಬಂದಿದ್ದಾರೆ, ಯಾವಾಗ ಸಿದ್ಧವಾಗುತ್ತದೆ, ಅದನ್ನು ಹೇಗೆ ಮೋಸಗೊಳಿಸಬಹುದು ಎನ್ನುವುದು ಉಪಗ್ರಹದ ಚಿತ್ರದಲ್ಲಿ ಕಾಣುವ ವಿಷಯವಲ್ಲ. ಕಾಗದದಲ್ಲಿ ಮಾತ್ರ ಇರುತ್ತದೆ. ಆ ಕಾಗದ ಟೋಲ್ಕಚೇವ್ ಕೈಗೆ ಸಿಗುತ್ತಿತ್ತು. ಮಿಗ್-29, ಮಿಗ್-31, ಸುಖೋಯ್-27 ವಿಮಾನಗಳ ರೇಡಾರ್ ಮತ್ತು ಕ್ಷಿಪಣಿಗಳ ವಿವರ, ಅವು ಇನ್ನೂ ತಯಾರಿಯಲ್ಲಿ ಇರುವಾಗಲೇ, ಅಮೆರಿಕಕ್ಕೆ ಹೋಯಿತು. ಅಮೆರಿಕದ ವಾಯುಪಡೆ ತನ್ನ ವಿಮಾನವೊಂದರ ಎಲೆಕ್ಟ್ರಾನಿಕ್ಸ್ ಯೋಜನೆಯ ದಿಕ್ಕನ್ನೇ ಬದಲಿಸಿತು. ಉಳಿತಾಯವನ್ನು ನೂರಾರು ಕೋಟಿ ಡಾಲರ್‌ಗಳಲ್ಲಿ ಲೆಕ್ಕ ಹಾಕಿದರು.

ಕಾಗದ ಹೊರಗೆ ಬಂದ ರೀತಿ ಸಿನಿಮಾದ ಹಾಗಿರಲಿಲ್ಲ. ಅದು ಪೂರ್ತಿ ಕಚೇರಿಯ ಕಥೆ. ಸಂಸ್ಥೆಯಲ್ಲಿ ಮೊದಲ ವಿಭಾಗ ಎಂಬ ಗುಪ್ತ ಕಡತಗಳ ವಿಭಾಗ ಇತ್ತು. ಸಹಿ ಹಾಕಿ ಕಡತ ತೆಗೆದುಕೊಳ್ಳಬೇಕು, ಸಂಜೆ ವಾಪಸ್ ಕೊಡಬೇಕು. ನಡುವೆ ಊಟದ ಬಿಡುವು. ಟೋಲ್ಕಚೇವ್ ಕಡತವನ್ನು ಕೋಟಿನೊಳಗೆ ಸೇರಿಸಿ ಮನೆಗೆ ಹೋಗುತ್ತಿದ್ದ. ಹೆಂಡತಿ, ಮಗ ಮನೆಯಲ್ಲಿ ಇರುತ್ತಿರಲಿಲ್ಲ. ಕುರ್ಚಿಯ ಬೆನ್ನಿಗೆ ಪೆಂಟಾಕ್ಸ್ ಕ್ಯಾಮೆರಾ ಬಿಗಿದು ಪುಟ ಪುಟವಾಗಿ ಫೋಟೋ ತೆಗೆಯುತ್ತಿದ್ದ. ಬಿಡುವು ಮುಗಿಯುವ ಹೊತ್ತಿಗೆ ಕಡತ ಮತ್ತೆ ಕಚೇರಿಯಲ್ಲಿ.

ಆಮೇಲೆ ನಿಯಮ ಬದಲಾಯಿತು. ಕಡತ ಬೇಕಾದರೆ ಗೇಟ್ ಪಾಸ್ ಅಲ್ಲಿ ಇಟ್ಟು ಹೋಗಬೇಕು. ಪಾಸ್ ಇಲ್ಲದೆ ಕಟ್ಟಡದಿಂದ ಹೊರಗೆ ಹೋಗುವಂತಿಲ್ಲ. ಸರಳ ನಿಯಮ, ಆದರೆ ಪರಿಣಾಮ ದೊಡ್ಡದು. ಮನೆಯ ಕ್ಯಾಮೆರಾ ಒಂದೇ ದಿನಕ್ಕೆ ನಿಂತುಹೋಯಿತು. ಅವನು ಕಚೇರಿಯ ಶೌಚಾಲಯದಲ್ಲಿ ಸಣ್ಣ ಕ್ಯಾಮೆರಾ ಹಿಡಿದು ಫೋಟೋ ತೆಗೆಯತೊಡಗಿದ. ಇನ್ನೊಂದು ಕಡೆ ಸಿಐಎ ಕುಶಲಕರ್ಮಿಗಳು ಅವನ ಪಾಸಿನ ನಕಲು ಮಾಡಲು ಕುಳಿತರು. ಬಣ್ಣ, ಕಾಗದ ಎಲ್ಲ ಹೊಂದಬೇಕು. ಅಷ್ಟರಲ್ಲಿ ಈ ನಿಯಮ ತುಂಬಾ ಕಿರಿಕಿರಿ ಎಂದು ಸಂಸ್ಥೆಯೇ ಅದನ್ನು ಕೈಬಿಟ್ಟಿತು. ಟೋಲ್ಕಚೇವ್ ಮತ್ತೆ ಮನೆಗೆ ಕಡತ ಒಯ್ಯತೊಡಗಿದ. ದೇಶದ ಗುಟ್ಟನ್ನು ಕಾಯುವ ಒಂದು ಒಳ್ಳೆಯ ನಿಯಮ ಊಟದ ಬಿಡುವಿನ ತೊಂದರೆಗಾಗಿ ಹೋಯಿತು. ಕಚೇರಿಗಳಲ್ಲಿ ಕೆಲಸ ಮಾಡಿದ ಯಾರಿಗೂ ಇದು ಆಶ್ಚರ್ಯ ಅಲ್ಲ ಅಲ್ವಾ?

ಅವನಿಗೆ ಇನ್ನೊಂದು ಚಿಂತೆ ಇತ್ತು. ಯಾರು ಯಾವ ಕಡತ ತೆಗೆದರು ಎನ್ನುವುದು ಒಂದು ಕಾರ್ಡಿನಲ್ಲಿ ದಾಖಲಾಗುತ್ತಿತ್ತು. ಅವನ ಕಾರ್ಡ್ ತುಂಬಿಹೋಗಿತ್ತು. ಯಾರಾದರೂ ಒಮ್ಮೆ ಅದನ್ನು ತೆಗೆದು ನೋಡಿದರೆ ಮುಗಿಯಿತು. ಸಿಐಎ ಅದಕ್ಕೂ ಒಂದು ನಕಲಿ ಕಾರ್ಡ್ ಮಾಡಿಕೊಟ್ಟಿತು. ಅದರಲ್ಲಿ ಕಡತಗಳ ಪಟ್ಟಿ ಚಿಕ್ಕದಾಗಿತ್ತು.

ಯಾಕೆ ಮಾಡಿದ

ಅವನು ಬರೆದ ಪತ್ರಗಳಲ್ಲಿ ಕಾರಣ ಇದೆ. ಸರ್ಕಾರದ ವಿರುದ್ಧ ದನಿ ಎತ್ತಿದ ವಿಜ್ಞಾನಿ ಸಖರೋವ್ ಮತ್ತು ಲೇಖಕ ಸೋಲ್ಜೆನಿತ್ಸಿನ್ ಅವರನ್ನು ನೋಡಿ ತನ್ನೊಳಗೆ ಏನೋ ಕೊರೆಯಲು ಶುರುವಾಯಿತು ಎನ್ನುತ್ತಾನೆ. ಕರಪತ್ರ ಬರೆದು ಹಂಚುವ ಯೋಚನೆ ಮೊದಲು ಬಂತಂತೆ. ಕೈಯಲ್ಲಿ ಗುಟ್ಟಿನ ಕಾಗದ ಇರುವಾಗ ಕರಪತ್ರ ಯಾಕೆ ಎಂದುಕೊಂಡ. ಹೆಂಡತಿಯ ತಂದೆತಾಯಿಗೆ ಆದದ್ದನ್ನೂ ಬರೆದಿದ್ದಾನೆ.

ಅವನನ್ನು ಬರೀ ಆದರ್ಶವಾದಿ ಎಂದು ತೋರಿಸುವ ಬರಹಗಳನ್ನು ನಾನು ಒಪ್ಪುವುದಿಲ್ಲ. ಅವನು ದುಡ್ಡು ಕೇಳಿದ, ಗಟ್ಟಿಯಾಗಿಯೇ ಕೇಳಿದ. 1976ರಲ್ಲಿ ಮಿಗ್-25 ಹಾರಿಸಿಕೊಂಡು ಜಪಾನಿಗೆ ಹೋದ ಪೈಲಟ್ ವಿಕ್ಟರ್ ಬೆಲೆಂಕೊಗೆ ಎಷ್ಟು ಸಿಕ್ಕಿತು ಎಂದು ಲೆಕ್ಕ ಹಾಕಿದ. ಟೋಲ್ಕಚೇವ್ ಹೆಸರಿನಲ್ಲಿ ಅಮೆರಿಕದ ಬ್ಯಾಂಕ್ ಖಾತೆಯಲ್ಲಿ ದೊಡ್ಡ ಮೊತ್ತ ಸೇರುತ್ತಾ ಹೋಯಿತು. ಕೈಗೂ ರೂಬಲ್ ಕಟ್ಟುಗಳು ಬಂದವು. ಆದರೆ ಮಾಸ್ಕೋದಲ್ಲಿ ಅಷ್ಟು ದುಡ್ಡು ಖರ್ಚು ಮಾಡುವ ದಾರಿ ಇರಲಿಲ್ಲ. ದುಡ್ಡು ಅವನಿಗೆ ಬೆಲೆ ಅಳೆಯುವ ಅಳತೆಗೋಲಾಗಿತ್ತು. ತನ್ನ ಕೆಲಸವನ್ನು ಇವರು ಎಷ್ಟು ಗಂಭೀರವಾಗಿ ತೆಗೆದುಕೊಂಡಿದ್ದಾರೆ ಎಂದು ಅದರಿಂದ ತಿಳಿಯುತ್ತಿತ್ತು.

ನಿಜವಾಗಿ ಬೇಕಿದ್ದದ್ದು ಬೇರೆ ಸಾಮಾನು. ಮಗನಿಗೆ ಪಾಶ್ಚಾತ್ಯ ರಾಕ್ ಸಂಗೀತದ ರೆಕಾರ್ಡ್‌ಗಳು. ಮಗ ಚಿತ್ರ ಬರೆಯುವವನು, ಅವನಿಗೆ ಪೆನ್ನು, ಇಂಕು, ರಬ್ಬರ್. ಇಂಗ್ಲಿಷ್ ಕಲಿಯುವ ಕ್ಯಾಸೆಟ್. ತನಗೆ ಔಷಧಿ, ಓದಲು ನಿಷೇಧಿತ ಪುಸ್ತಕಗಳು. ಸಾವಿರಾರು ಪುಟ ಕ್ಷಿಪಣಿ ರಹಸ್ಯ ಒಂದು ಕಡೆ, ಮಗನಿಗೆ ಒಂದು ರಬ್ಬರ್ ಇನ್ನೊಂದು ಕಡೆ. ಒಬ್ಬ ಅಪ್ಪನಿಗೆ ತನ್ನ ಊರಿನ ಅಂಗಡಿಯಲ್ಲಿ ಕೊಳ್ಳಲಾಗದ ವಸ್ತುಗಳ ಈ ಪಟ್ಟಿ ಆ ವ್ಯವಸ್ಥೆಯ ಬಗ್ಗೆ ಅವನ ಪತ್ರಗಳಿಗಿಂತ ಜಾಸ್ತಿ ಹೇಳುತ್ತದೆ.

ಅವನು ಇನ್ನೊಂದನ್ನೂ ಕೇಳಿದ: ವಿಷದ ಗುಳಿಗೆ. ಸಿಕ್ಕಿಬಿದ್ದರೆ ತಾನೇ ಸಾಯಬೇಕು ಎಂದು. ಸಿಐಎ ಕೇಂದ್ರ ಕಚೇರಿ ಒಪ್ಪಲಿಲ್ಲ. ಮತ್ತೆ ಮತ್ತೆ ಕೇಳಿದ ಮೇಲೆ ಪೆನ್ನಿನೊಳಗೆ ಅಡಗಿಸಿ ಕೊಟ್ಟರು. 1983ರ ಏಪ್ರಿಲ್‌ನಲ್ಲಿ ಅದು ಬಾಯಿಗೇ ಬಂತು. ಮಿಗ್-29ರ ಗುರಿ ಗುರುತಿಸುವ ವ್ಯವಸ್ಥೆಯ ಬಗ್ಗೆ ಯಾರಿಗೆಲ್ಲ ಗೊತ್ತು, ಪಟ್ಟಿ ಕೊಡಿ ಎಂದು ಸಂಸ್ಥೆಯ ಭದ್ರತಾ ವಿಭಾಗ ಕೇಳಿತು. ಟೋಲ್ಕಚೇವ್ ಆ ವಿವರವನ್ನು ಆಗಷ್ಟೇ ಸಿಐಎಗೆ ಕೊಟ್ಟಿದ್ದ. ಹಳ್ಳಿಯ ಮನೆಗೆ ಕಾರು ಓಡಿಸಿಕೊಂಡು ಹೋಗಿ ಬೇಹುಗಾರಿಕೆಯ ಸಾಮಾನು ಸುಟ್ಟ. ನೋಟಿನ ಕಟ್ಟುಗಳನ್ನೂ ಸುಟ್ಟ. ಮುಂದಿನ ದಿನಗಳಲ್ಲಿ ಮೇಲಧಿಕಾರಿ ಕರೆದಾಗೆಲ್ಲ ಗುಳಿಗೆಯನ್ನು ಬಾಯಲ್ಲಿ ಇಟ್ಟುಕೊಂಡೇ ಒಳಗೆ ಹೋದ. ಏನೂ ಆಗಲಿಲ್ಲ. ಅವನು ಫೋಟೋ ತೆಗೆಯುವುದನ್ನು ನಿಲ್ಲಿಸಲೂ ಇಲ್ಲ.

ಸಂಸಾರ ಸಮೇತ ಹೊರಗೆ ಕರೆದುಕೊಂಡು ಹೋಗುತ್ತೇವೆ ಎಂದು ಸಿಐಎ ಹೇಳಿತ್ತು. ಹೆಂಡತಿ ಮಗ ಊರು ಬಿಟ್ಟು ಬರುವವರಲ್ಲ ಎಂದು ಅವನು ಒಪ್ಪಲಿಲ್ಲ.

ಇನ್ನೊಬ್ಬ

1981ರಲ್ಲಿ ಎಡ್ವರ್ಡ್ ಲೀ ಹೋವರ್ಡ್ ಎಂಬ ಯುವಕ ಸಿಐಎ ಸೇರಿದ. ನ್ಯೂ ಮೆಕ್ಸಿಕೊ ರಾಜ್ಯದವನು. ವಿದೇಶದಲ್ಲಿ ಕೆಲಸ ಮಾಡಿದ ಅನುಭವ ಇತ್ತು. ಅವನನ್ನು ಮಾಸ್ಕೋಗೆ ಕಳಿಸಲು ತಯಾರು ಮಾಡಿದರು. ಹಿಂಬಾಲಕರಿಂದ ತಪ್ಪಿಸಿಕೊಳ್ಳುವುದು ಹೇಗೆ, ಓಡುವ ಕಾರಿನಿಂದ ಇಳಿದು ಸೀಟಿನಲ್ಲಿ ಬೊಂಬೆ ಎಬ್ಬಿಸಿ ಕೂರಿಸುವುದು ಹೇಗೆ, ಎಲ್ಲ ಕಲಿಸಿದರು. ಹೆಂಡತಿ ಮೇರಿಗೂ ಕಲಿಸಿದರು. ಮಾಸ್ಕೋದ ಗುಪ್ತ ಕಾರ್ಯಾಚರಣೆಗಳ ಕಡತವನ್ನೂ ಅವನ ಮುಂದೆ ಇಟ್ಟರು.

ಹೊರಡುವ ಮುಂಚೆ ಸುಳ್ಳುಪತ್ತೆ ಪರೀಕ್ಷೆ. ಮಾದಕ ವಸ್ತು, ಸಣ್ಣ ಕಳ್ಳತನದ ವಿಷಯಗಳಲ್ಲಿ ಉತ್ತರ ಸರಿ ಬರಲಿಲ್ಲ. ಮತ್ತೆ ಮತ್ತೆ ಪರೀಕ್ಷೆ ಮಾಡಿದರು. 1983ರ ಮೇ ತಿಂಗಳಲ್ಲಿ ಇದ್ದಕ್ಕಿದ್ದಂತೆ ಕೆಲಸದಿಂದ ತೆಗೆದರು.

ಇಲ್ಲಿ ನನಗೆ ಸಿಐಎ ಮೇಲೆ ನಿಜವಾಗಿ ಕೋಪ ಬರುತ್ತದೆ. ಅವನನ್ನು ಮಾಸ್ಕೋಗೆ ಕಳಿಸದಿದ್ದದ್ದು ಸರಿ. ಆದರೆ ಪರೀಕ್ಷೆ ಮೊದಲು ಮಾಡಿ ಕಡತ ಆಮೇಲೆ ತೋರಿಸಬೇಕಿತ್ತು. ಅವರು ಕಡತ ತೋರಿಸಿ, ಆಮೇಲೆ ಪರೀಕ್ಷೆ ಮಾಡಿ, ಆಮೇಲೆ ಬಾಗಿಲು ಹಾಕಿದರು. ಮಾಸ್ಕೋದಲ್ಲಿ ಒಬ್ಬ ಮನುಷ್ಯನ ಪ್ರಾಣ ಇವನ ನೆನಪಿನಲ್ಲಿ ಇತ್ತು. ಹೋವರ್ಡ್ ಊರಿಗೆ ಹೋಗಿ ರಾಜ್ಯ ಸರ್ಕಾರದಲ್ಲಿ ಹಣಕಾಸಿನ ಕೆಲಸ ಹಿಡಿದ. ಕುಡಿತ ಜಾಸ್ತಿಯಾಯಿತು. 1984ರಲ್ಲಿ ಒಂದು ಜಗಳದಲ್ಲಿ ಬಂದೂಕು ತೆಗೆದು ಕೇಸ್ ಹಾಕಿಸಿಕೊಂಡ. ವಾಷಿಂಗ್ಟನ್‌ನ ಸೋವಿಯತ್ ಕಾನ್ಸುಲೇಟ್ ಹತ್ತಿರ ಕುಳಿತು ಒಳಗೆ ಹೋಗಲೋ ಬೇಡವೋ ಎಂದು ಯೋಚಿಸಿದ್ದೆ ಎಂದು ತಾನೇ ಸಿಐಎ ಅಧಿಕಾರಿಗಳಿಗೆ ಹೇಳಿದ. ಅದನ್ನು ಕೇಳಿದ ಮೇಲೂ ಸಿಐಎ, ದೇಶದೊಳಗೆ ಗೂಢಚಾರರನ್ನು ಹಿಡಿಯುವ ಎಫ್‌ಬಿಐಗೆ ತಿಳಿಸಲಿಲ್ಲ. ಮನೆಯ ಮಾತು ಹೊರಗೆ ಹೋಗಬಾರದು ಎಂಬ ಮರ್ಯಾದೆಯ ಪ್ರಶ್ನೆ. ಅವನು ವಿಯೆನ್ನಾಗೆ ಹೋಗಿ ಕೆಜಿಬಿಯನ್ನು ಕಂಡ.

ಜೂನ್ 1985

1985ರ ಜೂನ್ 9ರಂದು ಟೋಲ್ಕಚೇವ್ ಮತ್ತು ನತಾಲಿಯಾ ಹಳ್ಳಿಯ ಮನೆಯಿಂದ ಮಾಸ್ಕೋಗೆ ವಾಪಸ್ ಬರುತ್ತಿದ್ದರು. ದಾರಿಯಲ್ಲಿ ಟ್ರಾಫಿಕ್ ಪೊಲೀಸರು ಕಾರು ನಿಲ್ಲಿಸಿದರು. ಅವನು ಇಳಿದ ತಕ್ಷಣ ಕೆಜಿಬಿಯವರು ಕೈ ತಿರುಚಿ ಹಿಡಿದರು. ವಿಷದ ಗುಳಿಗೆ ಬಳಸಲು ಸಮಯ ಕೊಡಲಿಲ್ಲ. ನಾಲ್ಕು ದಿನದ ಮೇಲೆ, ಜೂನ್ 13ರಂದು, ಪಾಲ್ ಸ್ಟೋಂಬಾ ಎಂಬ ಸಿಐಎ ಅಧಿಕಾರಿ ಅವನನ್ನು ಕಾಣಲು ಹೊರಟ. ಗೊತ್ತುಮಾಡಿದ ಜಾಗದಲ್ಲಿ ಕೆಜಿಬಿ ಕಾದಿತ್ತು. ಅವನ ಚೀಲದಲ್ಲಿ ಹೊಸ ಕ್ಯಾಮೆರಾಗಳು, ರೂಬಲ್ ಕಟ್ಟುಗಳು, ಔಷಧಿ ಸಿಕ್ಕವು.

ಅದೇ ಜೂನ್ 13ರಂದು ವಾಷಿಂಗ್ಟನ್‌ನ ಒಂದು ರೆಸ್ಟೋರೆಂಟ್‌ನಲ್ಲಿ ಸಿಐಎ ಅಧಿಕಾರಿ ಆಲ್ಡ್ರಿಚ್ ಏಮ್ಸ್ ತನಗೆ ಗೊತ್ತಿದ್ದ ಸೋವಿಯತ್ ಮಾಹಿತಿದಾರರ ಹೆಸರುಗಳನ್ನೆಲ್ಲ ಕೆಜಿಬಿಗೆ ಒಪ್ಪಿಸಿದ. ಟೋಲ್ಕಚೇವ್ ಹೆಸರೂ ಅದರಲ್ಲಿತ್ತು. ಆದರೆ ಅವನು ಆಗಲೇ ಕೆಜಿಬಿ ವಶದಲ್ಲಿದ್ದ. ಹೋವರ್ಡ್ ಇಲ್ಲದಿದ್ದರೆ ಏಮ್ಸ್ ಅವನನ್ನು ಹಿಡಿದುಕೊಡುತ್ತಿದ್ದ. ಆರು ವರ್ಷ ಕೆಜಿಬಿಗೆ ತಾನಾಗಿ ಸಿಗದ ಮನುಷ್ಯನನ್ನು ಅಮೆರಿಕದವರೇ ಎರಡೆರಡು ಸಲ ತೋರಿಸಿಕೊಟ್ಟರು.

ಅವನನ್ನು 1986ರ ಸೆಪ್ಟೆಂಬರ್‌ನಲ್ಲಿ ಕೊಂದರು. ಅಕ್ಟೋಬರ್‌ನಲ್ಲಿ ಪ್ರಕಟಣೆ ಬಂತು.

ಹೋವರ್ಡ್ ವಿಷಯ ಹೊರಬಿದ್ದದ್ದು ಕೆಜಿಬಿಯ ವಿಟಾಲಿ ಯುರ್ಚೆಂಕೊನಿಂದ. ಅವನೂ ತನ್ನ ದೇಶ ಬಿಟ್ಟು 1985ರ ಆಗಸ್ಟ್‌ನಲ್ಲಿ ಅಮೆರಿಕದ ಕಡೆ ಬಂದಿದ್ದ. ಮಾಸ್ಕೋಗೆ ಹೋಗಬೇಕಿದ್ದು ಕೆಲಸ ಕಳೆದುಕೊಂಡ ಒಬ್ಬ ಮಾಜಿ ಸಿಐಎ ನೌಕರ ಎಂದಷ್ಟೇ ಹೇಳಿದ. ಸಿಐಎಗೆ ಅಷ್ಟು ಸಾಕಿತ್ತು. ಎಫ್‌ಬಿಐ ಹೋವರ್ಡ್ ಮನೆಯನ್ನು ಕಾಯತೊಡಗಿತು. ಸೆಪ್ಟೆಂಬರ್ 21ರಂದು ಗಂಡ ಹೆಂಡತಿ ಊಟಕ್ಕೆ ಹೋದರು. ವಾಪಸ್ ಬರುವಾಗ ಮೇರಿ ಕಾರು ಓಡಿಸುತ್ತಿದ್ದಳು. ಒಂದು ತಿರುವಿನಲ್ಲಿ ಹೋವರ್ಡ್ ಜಿಗಿದ. ಸೀಟಿನಲ್ಲಿ ವಿಗ್ ಹಾಕಿದ ಬೊಂಬೆ ಕುಳಿತಿತು. ಮನೆ ತಲುಪಿದ ಮೇಲೆ ಮೇರಿ ಫೋನಿನಲ್ಲಿ ಗಂಡನ ಧ್ವನಿಯ ಟೇಪ್ ಹಾಕಿದಳು. ಕದ್ದು ಕೇಳುವವರು ಅವನು ಮನೆಯಲ್ಲೇ ಇದ್ದಾನೆ ಎಂದುಕೊಳ್ಳಲಿ ಎಂದು. ಎಲ್ಲವೂ ಸಿಐಎ ಕಲಿಸಿದ ಪಾಠ. ಹೋವರ್ಡ್ ಹೆಲ್ಸಿಂಕಿ ಮೂಲಕ ಸೋವಿಯತ್ ಕಡೆಗೆ ಹೋದ. 1986ರಲ್ಲಿ ಅವರು ಅವನಿಗೆ ಆಶ್ರಯ ಕೊಟ್ಟಿರುವುದಾಗಿ ಹೇಳಿದರು. ತಾನು ಯಾರನ್ನೂ ಹಿಡಿದುಕೊಟ್ಟಿಲ್ಲ ಎಂದು ಕೊನೆವರೆಗೂ ಹೇಳುತ್ತಿದ್ದ. 2002ರಲ್ಲಿ ರಷ್ಯಾದಲ್ಲಿ ಬಿದ್ದು ಸತ್ತ.

ಇಬ್ಬರೂ ಒಂದೇನಾ

ಕಾನೂನಿನ ಪುಸ್ತಕದಲ್ಲಿ ಇಬ್ಬರ ಅಪರಾಧವೂ ಒಂದೇ. ನನಗೆ ಹಾಗೆ ಕಾಣುವುದಿಲ್ಲ. ಟೋಲ್ಕಚೇವ್ ಪಣಕ್ಕೆ ಇಟ್ಟದ್ದು ತನ್ನ ಪ್ರಾಣ. ಹೋವರ್ಡ್ ಮಾರಿದ್ದು ಬೇರೆಯವನ ಪ್ರಾಣ. ಇಷ್ಟು ಹೇಳಿದ ಮೇಲೂ ಟೋಲ್ಕಚೇವ್ ಲೆಕ್ಕ ಪೂರ್ತಿ ಚೊಕ್ಕ ಎನ್ನಲಾರೆ. ಯುದ್ಧ ಆಗಿದ್ದರೆ ಸಾಯುತ್ತಿದ್ದವರು 1938ರಲ್ಲಿ ಆದೇಶ ಕೊಟ್ಟ ಅಧಿಕಾರಿಗಳಲ್ಲ, ಆ ರೇಡಾರ್ ನಂಬಿ ಹಾರಿದ ಇಪ್ಪತ್ತೈದರ ಪೈಲಟ್‌ಗಳು. ಅವನು ಆ ಹುಡುಗರ ಬಗ್ಗೆ ಯೋಚಿಸಿದ್ದನಾ? ಅವನ ಪತ್ರಗಳ ಕೋಪ ವ್ಯವಸ್ಥೆಯ ಮೇಲೆ ಇದೆ. ಪೆಟ್ಟು ಬೀಳುವುದು ಮಾತ್ರ ಯಾವಾಗಲೂ ಮನುಷ್ಯರ ಮೇಲೆ.

ಪೆಟ್ಟು ತನ್ನ ಮನೆಯವರ ಮೇಲೂ ಬಿತ್ತು. ಬಂಧನದ ನಂತರ ನತಾಲಿಯಾ ಕೂಡ ಜೈಲಿಗೆ ಹೋದಳು. ಹೊರಗೆ ಬಂದ ಮೇಲೆ ಕ್ಯಾನ್ಸರ್ ಬಂತು. ಗಂಡ ಯಾರಿಗಾಗಿ ಸತ್ತನೋ ಆ ಅಮೆರಿಕದ ರಾಯಭಾರ ಕಚೇರಿಯನ್ನು ಚಿಕಿತ್ಸೆಗೆ ಸಹಾಯ ಕೇಳಿದಳು. ಅಲ್ಲಿ ಆಕೆ ಯಾರು ಎಂದು ತಿಳಿಯಲಿಲ್ಲ, ಸಹಾಯ ಸಿಗಲಿಲ್ಲ. 1991ರಲ್ಲಿ ತೀರಿಕೊಂಡಳು. ಸಿಐಎ ಈಗ ತನ್ನ ಕೇಂದ್ರ ಕಚೇರಿಯಲ್ಲಿ ಟೋಲ್ಕಚೇವ್‌ನ ವರ್ಣಚಿತ್ರ ತೂಗುಹಾಕಿದೆ. ಆ ಗೌರವದಲ್ಲಿ ಒಂದು ಪಾಲನ್ನಾದರೂ ನತಾಲಿಯಾ ಬದುಕಿದ್ದಾಗ ಆಕೆಗೆ ಔಷಧಿಯಾಗಿ ಕೊಡಬೇಕಿತ್ತು.

ನಮ್ಮ ದೇಶಕ್ಕೂ ಇದರ ಒಂದು ಎಳೆ ತಾಗುತ್ತದೆ. ಮಿಗ್-29 ವಿಮಾನವನ್ನು ಹೊರದೇಶಗಳಲ್ಲಿ ಮೊದಲು ಕೊಂಡದ್ದು ಭಾರತ. 1987ರಲ್ಲಿ ಅವು ನಮ್ಮ ವಾಯುಪಡೆ ಸೇರಿದವು. ಟೋಲ್ಕಚೇವ್ ಸಿಕ್ಕಿಬಿದ್ದು ಎರಡು ವರ್ಷ ಆಗಿತ್ತು. ಆ ರೇಡಾರ್‌ನ ವಿವರಗಳು ಅದಕ್ಕೂ ಮುಂಚೆ ಅಮೆರಿಕ ಸೇರಿದ್ದವು. ಫಜೋಟ್ರಾನ್‌ನವರು ಆ ರೇಡಾರ್‌ನ ಸುಧಾರಿತ ರೂಪ ಮಾಡಬೇಕಾಗಿ ಬಂದದ್ದಕ್ಕೆ ಈ ಸೋರಿಕೆಯೂ ಒಂದು ಕಾರಣ. ಸೋವಿಯತ್ ಆಯುಧ ಕೊಂಡ ಪ್ರತಿ ದೇಶವೂ, ತನಗೆ ತಿಳಿಯದೆಯೇ, ಮಾಸ್ಕೋದ ಆ ಸಂಸ್ಥೆಯ ಕಡತ ಕಾಯುವ ಕ್ರಮ ಎಷ್ಟು ಬಿಗಿ ಎನ್ನುವುದರ ಮೇಲೆ ತನ್ನ ಪೈಲಟ್‌ಗಳನ್ನು ನಂಬಿ ಕೂರಿಸಿತ್ತು. ಹೊರಗಿನಿಂದ ಯುದ್ಧವಿಮಾನ ಕೊಳ್ಳುವಾಗ ಬೆಲೆ, ವೇಗ, ಎಷ್ಟು ಕ್ಷಿಪಣಿ ಹೊರುತ್ತದೆ ಎಂಬ ಚರ್ಚೆ ನಮ್ಮಲ್ಲಿ ಈಗಲೂ ಜೋರಾಗಿ ನಡೆಯುತ್ತದೆ. ಮಾರುವವರ ಮನೆಯಲ್ಲಿ ಆ ಗುಟ್ಟು ಯಾರ ಕೈಯಲ್ಲಿದೆ, ಅವರನ್ನು ಆ ದೇಶ ಹೇಗೆ ನಡೆಸಿಕೊಂಡಿದೆ ಎಂಬ ಪ್ರಶ್ನೆಯೂ ಆ ಚರ್ಚೆಯಲ್ಲಿ ಬರಬೇಕು.